ಜೂಜಾಡಿದ್ದು ಕುದುರೆಯಲ್ಲ

ಪ್ರಿಯ ಓದುಗರೇ,

ಕಳೆದ ಸಂಚಿಕೆಯಲ್ಲಿ ಅಮೆರಿಕದ ರೇಸ್ ಕುದುರೆ ರಫಿಯನ್ ಬಗ್ಗೆ ಬಂದ ಲೇಖನ ಓದಿ ನೀವು ಖಾರವಾಗಿಯೇ ಬರೆದಿದ್ದೀರಿ. ಜೂಜಿನ ಅಂಗಳದಲ್ಲಿ ಸತ್ತ ಶ್ರೀಮಂತರ ಕುದುರೆಗೆ ಎರಡು ಪುಟ ಶ್ರದ್ಧಾಂಜಲಿ ಯಾಕೆ, ಉಳುತ್ತಲೇ ಕುಸಿದು ಸತ್ತ ನಿಮ್ಮ ತಂದೆಯವರ ಎತ್ತಿಗೆ ಯಾವ ಪತ್ರಿಕೆ ಅತ್ತಿತು ಎಂದು ಕೇಳಿದ್ದೀರಿ.

ರೇಸು ಜೂಜು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ದುಡ್ಡು ಕಟ್ಟಿದವರು ಮನುಷ್ಯರು. ಕುದುರೆಗೆ ಬಾಜಿಯೂ ಗೊತ್ತಿಲ್ಲ, ಬಹುಮಾನವೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಓಟ ಒಂದೇ.

1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕಿನಲ್ಲಿ ಆದದ್ದು ನೋಡಿ. ಮೂರು ವರ್ಷದ ಹೆಣ್ಣು ಕುದುರೆ ರಫಿಯನ್ ಅಲ್ಲಿಯವರೆಗೆ ಓಡಿದ ಹತ್ತೂ ರೇಸು ಗೆದ್ದಿತ್ತು. ಅಮೆರಿಕದ ಹೆಸರಾಂತ ರೇಸಾದ ಕೆಂಟಕಿ ಡರ್ಬಿಯನ್ನು ಆ ವರ್ಷ ಗೆದ್ದಿದ್ದ ಫೂಲಿಷ್ ಪ್ಲೆಷರ್ ಎಂಬ ಗಂಡು ಕುದುರೆಯ ಎದುರು ಅದನ್ನು ಓಡಿಸಿದರು. ಕಣದಲ್ಲಿ ಇದ್ದದ್ದು ಇವೆರಡೇ. ನೋಡಲು ಐವತ್ತು ಸಾವಿರ ಜನ ಸೇರಿದ್ದರು. ಓಟದ ಮಧ್ಯೆ ರಫಿಯನ್‌ನ ಬಲ ಮುಂಗಾಲಿನಲ್ಲಿ, ಗೊರಸಿನ ಮೇಲಿನ ಕೀಲಿನ ಎರಡು ಪುಟ್ಟ ಮೂಳೆಗಳು ಮುರಿದವು. ಜಾಕಿ ಜಸಿಂತೊ ವಾಸ್ಕೆಸ್ ಲಗಾಮು ಜಗ್ಗಿ ನಿಲ್ಲಿಸಲು ಹೆಣಗಿದರು. ಅದು ನಿಲ್ಲಲಿಲ್ಲ, ಮುರಿದ ಕಾಲಿನಲ್ಲೇ ಮುನ್ನುಗ್ಗಿತು. ರಾತ್ರಿ ಶಸ್ತ್ರಚಿಕಿತ್ಸೆಯಾಯಿತು. ಅರಿವಳಿಕೆ ಇಳಿಯುತ್ತಿದ್ದಂತೆ ಅದು ಬಿದ್ದಲ್ಲೇ ಕಾಲು ಬಡಿಯತೊಡಗಿ, ಮುರಿದ ಕಾಲಿಗೆ ಹಾಕಿದ್ದ ಕಟ್ಟೆಲ್ಲ ಒಡೆದುಹೋಯಿತು. ಬೆಳಗಾಗುವ ಮೊದಲೇ ದಯಾಮರಣ ಕೊಟ್ಟರು. ಬೆಲ್ಮಾಂಟ್ ಮೈದಾನದಲ್ಲೇ ಮಣ್ಣು ಮಾಡಿದ್ದರು. 2023ರಲ್ಲಿ ಅದು ಹುಟ್ಟಿದ ಕೆಂಟಕಿಯ ಕ್ಲೇಬೋರ್ನ್ ಫಾರಂಗೆ ಅವಶೇಷಗಳನ್ನು ಒಯ್ದರು.

ಕಾಲು ಮುರಿದ ಕುದುರೆಯನ್ನು ಕೊಲ್ಲುವುದು ಬರೀ ಕ್ರೌರ್ಯ ಎಂದಿದ್ದೀರಿ. ಸುಮಾರು ಐನೂರು ಕಿಲೋ ಮೈಯನ್ನು ನಾಲ್ಕು ಸಣ್ಣ ಕಾಲು ಹೊರಬೇಕು. ಒಂದು ಸೋತರೆ ಭಾರ ಉಳಿದವುಗಳ ಮೇಲೆ ಬಿದ್ದು, ಗೊರಸಿಗೂ ಒಳಗಿನ ಮೂಳೆಗೂ ನಡುವಿನ ಹಿಡಿತವೇ ಸಡಿಲವಾಗುತ್ತದೆ. ಆ ನೋವು ಭಯಂಕರ. ದಿನಗಟ್ಟಲೆ ಮಲಗಿಸಿಡಲೂ ಆಗದು. 2006ರ ಡರ್ಬಿ ಗೆದ್ದ ಬಾರ್ಬರೋ, ಎರಡೇ ವಾರದ ನಂತರ ಇನ್ನೊಂದು ರೇಸಿನಲ್ಲಿ ಹಿಂಗಾಲು ಮುರಿದುಕೊಂಡಿತು. ಪೆನ್ಸಿಲ್ವೇನಿಯಾದ ಪಶುವೈದ್ಯರು ಎಂಟು ತಿಂಗಳು ಪಟ್ಟು ಬಿಡದೆ ದುಡಿದರು. ಕೊನೆಗೆ ಈ ಗೊರಸಿನ ಬೇನೆಗೇ ಸೋತು, 2007ರ ಜನವರಿ 29ರಂದು ಅದನ್ನೂ ಕಳುಹಿಸಿಕೊಡಬೇಕಾಯಿತು.

ಆ ಕಾಲುಗಳನ್ನು ಹಾಗೆ ಮಾಡಿದವರು ಯಾರು? ಥರೋಬ್ರೆಡ್ ಎಂಬ ಈ ರೇಸ್ ಕುದುರೆಗಳ ತಳಿ ತಾನಾಗಿ ಹುಟ್ಟಿದ್ದಲ್ಲ. ಮುನ್ನೂರು ವರ್ಷ ವೇಗಕ್ಕಾಗಿ ಆರಿಸಿ ಆರಿಸಿ ಕೂಡಿಸಿ, ಎರಡನೇ ವರ್ಷಕ್ಕೇ, ಮೂಳೆ ಪೂರ್ತಿ ಬಲಿಯುವ ಮುನ್ನವೇ ಓಡಿಸುತ್ತೇವೆ. ನಮ್ಮ ಕುಣಿಗಲ್ ಫಾರಂನಲ್ಲಿ ಬೆಳೆದದ್ದೂ ಇದೇ ತಳಿ. ಬೆಂಗಳೂರು, ಮೈಸೂರಿನಲ್ಲಿ ಓಡುವುದೂ ಇದೇ. ನಮ್ಮ ಮೋಜಿಗಾಗಿ ಹುಟ್ಟಿಸಿದ ಜೀವ ಆ ಮೋಜಿನಲ್ಲೇ ಸತ್ತಾಗ, ಅಳುವುದು ನಾವು ತೋರುವ ದೊಡ್ಡತನವಲ್ಲ, ತೀರಿಸಬೇಕಾದ ಋಣ.

ಇನ್ನು ನಿಮ್ಮ ಎತ್ತು. ಅದಕ್ಕೆ ನಿಮ್ಮ ಮನೆಯೇ ಅತ್ತಿದೆ, ಪತ್ರದ ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. ದುಃಖ ಪಡಿತರದ ಅಕ್ಕಿಯಲ್ಲ, ಒಬ್ಬರಿಗೆ ಅಳೆದರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ 949ರ ಸುಮಾರಿಗೆ ನೆಟ್ಟ ಶಾಸನವನ್ನು ನೆನೆಯಿರಿ. ಮಣಲೇರ ಎಂಬ ವೀರ, ಗಂಗ ದೊರೆ ಬೂತುಗನಿಂದ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲು ನೆಟ್ಟು ಭೂಮಿ ದತ್ತಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡವನಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದರು. ಅದೂ ದೊಡ್ಡವರ ಬೇಟೆಯ ಮೋಜೇ. ಆದರೂ ಸತ್ತ ಪ್ರಾಣಿಯ ಹೆಸರು ಕಲ್ಲಿನಲ್ಲಿ ಉಳಿಯಿತು.

ಅತ್ತರೆ ಏನು ಬಂತು ಎಂದೂ ಕೇಳಿದ್ದೀರಿ. 2008ರ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಏಯ್ಟ್ ಬೆಲ್ಸ್, ಗುರಿ ದಾಟಿದ ಮೇಲೆ ಎರಡೂ ಮುಂಗಾಲು ಮುರಿದು ಬಿತ್ತು; ಅಲ್ಲೇ ಕೊನೆಗಾಣಿಸಿದರು. ಜನರ ಸಂಕಟ ಸಿಟ್ಟಾಗಿ ತಿರುಗಿ, ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು. ಮುಂದೆಯೂ ಕುದುರೆಗಳು ಸತ್ತವು, ಕೂಗು ಜೋರಾಯಿತು, 2020ರಲ್ಲಿ ರೇಸ್ ಕುದುರೆಗಳ ಸುರಕ್ಷತೆಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂತು. ತಡವಾಗಿ ಬಂತು, ನಿಜ.

ನಮ್ಮ ಊರಿನ ಕ್ಲಬ್ಬುಗಳನ್ನು ನಾನು ಕೇಳುವುದು ಇಷ್ಟು: ಕುದುರೆಯೊಂದು ಅಂಗಳದಲ್ಲಿ ಸತ್ತರೆ ಅದರ ಹೆಸರು, ವಯಸ್ಸು, ಸಾವಿನ ಕಾರಣ ಮತ್ತು ಮರಣೋತ್ತರ ಪರೀಕ್ಷೆಯ ವರದಿಯನ್ನು ಸಾರ್ವಜನಿಕರ ಮುಂದಿಡಿ. ಆ ದಿನದ ಉಳಿದ ರೇಸುಗಳನ್ನು ನಿಲ್ಲಿಸಿ. ಈ ಒತ್ತಾಯಕ್ಕೆ ನೀವೂ ದನಿಗೂಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

— ಸಂಪಾದಕ