ಇಕ್ಕೇರಿ ದೇವಸ್ಥಾನದಲ್ಲಿ ಮಸೀದಿಯಂಥ ಕಮಾನು ಏಕಿದೆ?

ಸಾಗರದ ಹತ್ತಿರದ ಇಕ್ಕೇರಿಯಲ್ಲಿ ಅಘೋರೇಶ್ವರನ ಎದುರಿನ ನಂದಿಮಂಟಪದ ಕಮಾನು ನೋಡಿ, ಇದು ಮೊದಲು ಮಸೀದಿಯಾಗಿತ್ತೇ ಎಂದು ಕೇಳಿದ್ದೀರಿ. ಇಲ್ಲ, ಇದು ಕೆಳದಿ ನಾಯಕರ ಕಾಲದ ದೇವಾಲಯವೇ. ಬಹಮನಿ, ಬಿಜಾಪುರದ ಕಟ್ಟಡಗಳಿಂದ ಕಮಾನು ದಖ್ಖನ್ನಿನ ಕಲ್ಲುಕುಟಿಗರ ಕೈಗೆ ಬಂದಿತ್ತು. ವಿಜಯನಗರದ ಅರಸರೂ ಹಂಪಿಯ ಕಮಲ ಮಹಲ್, ಆನೆಲಾಯಗಳಲ್ಲಿ ಅದನ್ನು ಬಳಸಿದ್ದರು. ನಾಯಕರು ಅವರ ಸಾಮಂತರು.

ಕಮಾನಿನ ಗುಟ್ಟು ಕಲ್ಲಿನ ಗುಣದಲ್ಲಿದೆ. ಕಲ್ಲು ಅದುಮಿದರೆ ತಡೆಯುತ್ತದೆ, ಬಾಗಿಸಿದರೆ ಸೀಳುತ್ತದೆ. ಅಡ್ಡ ತೊಲೆ ಹೊರೆಗೆ ನಡುವೆ ಬಾಗುವುದರಿಂದ ಕಂಬಗಳು ಒತ್ತೊತ್ತಾಗಿರಬೇಕು. ಬಿಡಿಗಲ್ಲು ಜೋಡಿಸಿದ ಕಮಾನಿನಲ್ಲಿ ಹೊರೆ ಎರಡೂ ಬದಿಗೆ ಹರಿದು, ಕಲ್ಲುಗಳು ಒಂದನ್ನೊಂದು ಅದುಮಿಕೊಂಡು ನಿಲ್ಲುತ್ತವೆ. ಹಾಗಾಗಿ ಅಗಲವಾದ ಬಾಯಿ ಸಾಧ್ಯ. ಪಾಳು ಕಟ್ಟಡಗಳಲ್ಲಿ ಚಾವಣಿ ಕುಸಿದರೂ ಎಷ್ಟೋ ಕಡೆ ಕಮಾನು ಉಳಿದಿರುವುದು ಇದರಿಂದಲೇ. ಇಕ್ಕೇರಿಯಲ್ಲಂತೂ ಆ ಆಕಾರದ ಚೆಲುವಿಗೇ ಕುಶಲಿಗಳು ಮನಸೋತಂತೆ ನನಗೆ ಕಾಣುತ್ತದೆ.

ಸಾಧ್ಯವಾದರೆ ದಾವಣಗೆರೆ ಜಿಲ್ಲೆಯ ಸಂತೇಬೆನ್ನೂರಿಗೂ ಹೋಗಿ. ಪಾಳೇಗಾರರ ಪುಷ್ಕರಣಿಯ ನಡುವಿನ ವಸಂತ ಮಂಟಪದಲ್ಲೂ, ದಡದಲ್ಲಿ ಪ್ರಯಾಣಿಕರ ತಂಗುದಾಣವಾಗಿದ್ದ ಮುಸಾಫಿರ್‌ಖಾನೆಯಲ್ಲೂ ಕಮಾನುಗಳಿವೆ. ಎರಡನ್ನೂ ಒಂದೇ ಮೆಟ್ಟಿಲ ಮೇಲೆ ಕೂತು ನೋಡಬಹುದು.