ಕಾಡುಮರ ನೆಡಲು ಆಳೆತ್ತರದ ಸಸಿಗಿಂತ ಮೊಣಕಾಲೆತ್ತರದ್ದೇ ಮೇಲು ಎನ್ನುವುದೇಕೆ?

ಬೇರಿನ ಕಾರಣಕ್ಕೆ. ಸ್ಥಳೀಯ ಕಾಡುಮರಗಳಲ್ಲಿ ಅನೇಕವು ಮೊದಲು ತಾಯಿಬೇರನ್ನು ಆಳಕ್ಕಿಳಿಸುತ್ತವೆ. ಆಳೆತ್ತರ ಆಗುವಷ್ಟು ದಿನ ಪ್ಲಾಸ್ಟಿಕ್ ಚೀಲದಲ್ಲೇ ಇದ್ದರೆ ಆ ಬೇರು ತಳ ಮುಟ್ಟಿ, ದಾರಿಯಿಲ್ಲದೆ ಸಿಂಬಿ ಸುತ್ತುತ್ತದೆ. ನೆಲಕ್ಕಿಟ್ಟ ಮೇಲೂ ಆ ಸುತ್ತು ತಾನಾಗಿ ಬಿಚ್ಚಿಕೊಳ್ಳದು. ಮೇಲೆ ಎಲೆ ಹೆಚ್ಚು, ಕೆಳಗೆ ನೀರೆಳೆಯುವ ಬೇರು ಕಡಿಮೆ. ಎಷ್ಟೋ ಸಸಿಗಳು ಮೊದಲ ಬೇಸಿಗೆಯಲ್ಲೇ ಒಣಗುತ್ತವೆ. ಬದುಕಿದರೂ ಕಾಂಡ ದಪ್ಪಗಾದಂತೆ ಸುತ್ತಿದ ಬೇರು ಬುಡವನ್ನೇ ಬಿಗಿಯುತ್ತದೆ, ವರ್ಷಗಳ ನಂತರ ಜೋರುಗಾಳಿಗೆ ಮರ ಉರುಳುವುದೂ ಉಂಟು.

ಕೊಳ್ಳುವಾಗ ಎಲೆಗಿಂತ ಮೊದಲು ಚೀಲದ ತಳ ನೋಡಿ. ನೆಡುವಾಗ ಚೀಲವನ್ನು ಎಳೆಯದೆ ಬ್ಲೇಡಿನಿಂದ ಸೀಳಿ. ಬೇರಿನ ಸುರುಳಿ ಕಂಡರೆ ಬೇರುಸಹಿತ ಮಣ್ಣುಗಡ್ಡೆಯ ತಳದ 2 ಸೆಂ.ಮೀ. ಕತ್ತರಿಸಿ, ಬದಿಗಳಲ್ಲಿ 3–4 ಕಡೆ ಉದ್ದಕ್ಕೆ ಗೀರಿ. ಪಾಪ ಎನಿಸುತ್ತದೆ, ಆದರೆ ಕಡಿದ ತುದಿಯಿಂದಲೇ ಹೊಸ ಬೇರು ಹೊರಡುವುದು. ಬುಡ ನೆಲದ ಮಟ್ಟಕ್ಕೇ ಇರಲಿ; ಆಳಕ್ಕೆ ಹೂತರೆ ಕೊಳೆಯಬಹುದು.