ವಿಂಡೋಸ್ 11ಕ್ಕೆ ಅಪ್‌ಗ್ರೇಡ್ ಆದ ಲ್ಯಾಪ್‌ಟಾಪ್‌ನ ಸಿ ಡ್ರೈವ್‌ನಲ್ಲಿ ಅರ್ಧ ಜಾಗ ಖಾಲಿಯಿದ್ದರೂ, ಅದನ್ನು ಕುಗ್ಗಿಸಿ ಹೊಸ ಪಾರ್ಟಿಷನ್ (ಡ್ರೈವ್‌ನ ಪ್ರತ್ಯೇಕ ವಿಭಾಗ) ಮಾಡಲು ಏಕೆ ಆಗುತ್ತಿಲ್ಲ?

ಖಾಲಿ ಜಾಗ ಎಷ್ಟಿದೆ ಎಂಬುದಕ್ಕಿಂತ ಅದು ಡ್ರೈವ್‌ನ ಯಾವ ಭಾಗದಲ್ಲಿದೆ ಎಂಬುದೇ ಇಲ್ಲಿ ಮುಖ್ಯ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಾಧನವು ಪಾರ್ಟಿಷನ್ನನ್ನು ಕೊನೆಯ ತುದಿಯಿಂದ ಮಾತ್ರ ಕುಗ್ಗಿಸಬಲ್ಲದು. ಅಲ್ಲಿರುವ ಸಾಮಾನ್ಯ ಕಡತಗಳನ್ನು ಬೇರೆಡೆಗೆ ಸರಿಸುತ್ತದೆಯಾದರೂ, ಪೇಜ್‌ಫೈಲ್ (ರ‍್ಯಾಮ್ ಸಾಲದಾದಾಗ ವಿಂಡೋಸ್ ಬಳಸುವ ಕಡತ), ಹೈಬರ್ನೇಷನ್ ಕಡತ (ತೆರೆದ ಕೆಲಸವನ್ನು ಉಳಿಸಿಟ್ಟು ಲ್ಯಾಪ್‌ಟಾಪ್ ಆಫ್ ಆಗುವಾಗ ಬಳಸುವ ಕಡತ) ಮತ್ತು ರಿಸ್ಟೋರ್ ಪಾಯಿಂಟ್‌ಗಳನ್ನು (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಉಳಿಸಿಟ್ಟ ದಾಖಲೆ) ಅದು ಕದಲಿಸಲಾರದು, ಆದ್ದರಿಂದ ಇವುಗಳಲ್ಲಿ ಒಂದು ಎದುರಾದೊಡನೆ ಕುಗ್ಗುವಿಕೆ ಅಲ್ಲಿಗೇ ನಿಲ್ಲುತ್ತದೆ.

ಹೈಬರ್ನೇಷನ್, ಪೇಜ್‌ಫೈಲ್, ಸಿಸ್ಟಮ್ ಪ್ರೊಟೆಕ್ಷನ್ (ರಿಸ್ಟೋರ್ ಪಾಯಿಂಟ್ ಮಾಡುವ ವ್ಯವಸ್ಥೆ) ಮೂರನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ಲ್ಯಾಪ್‌ಟಾಪನ್ನು ರೀಸ್ಟಾರ್ಟ್ ಮಾಡಿದ ಬಳಿಕ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕುಗ್ಗಿಸುವ ಆಯ್ಕೆಯಾದ ‘ಶ್ರಿಂಕ್ ವಾಲ್ಯೂಮ್’ ಪ್ರಯತ್ನಿಸಿ. ಸಾಮಾನ್ಯವಾಗಿ ಹೆಚ್ಚು ಜಾಗ ಸಿಗುತ್ತದೆ. ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿದಾಗ ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಅಳಿಸಿಹೋಗುವುದರಿಂದ, ಮುಖ್ಯ ಕಡತಗಳನ್ನು ಮೊದಲೇ ಹೊರಗಿನ ಡ್ರೈವ್‌ಗೆ ನಕಲು ಮಾಡಿಕೊಳ್ಳುವುದು ಅತ್ಯಗತ್ಯ. ಕೆಲಸ ಮುಗಿದ ಮೇಲೆ ಮೂರನ್ನೂ ಮತ್ತೆ ಆನ್ ಮಾಡಿ.